ಎತ್ತರದ ಲೋಟದಲ್ಲಿ ನೀರು ಜಾಸ್ತಿಯೇ?

ಒಂದೇ ಅಳತೆಯ ಎರಡು ಗಾಜಿನ ಲೋಟ, ಅವಕ್ಕಿಂತ ಸಪೂರವಾಗಿ ಎತ್ತರವಾಗಿರುವ ಇನ್ನೊಂದು ಗಾಜಿನ ಲೋಟ, ಒಂದು ಚೊಂಬು ನೀರು. ಮಕ್ಕಳ ಬೆಳವಣಿಗೆಯ ಮನೋವಿಜ್ಞಾನದಲ್ಲಿ ಅತಿ ಹೆಚ್ಚು ಚರ್ಚೆಯಾದ ಪ್ರಯೋಗಗಳಲ್ಲೊಂದಕ್ಕೆ ಇಷ್ಟೇ ಸಾಮಾನು ಸಾಕು. ಸಮ ಲೋಟಗಳಲ್ಲಿ ಸಮನಾಗಿ ನೀರು ಹಾಕಿ, ಒಂದರ ನೀರನ್ನು ಸಪೂರ ಲೋಟಕ್ಕೆ ಸುರಿದು ಕೇಳಿದರೆ ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ "ಉದ್ದ ಲೋಟದಲ್ಲೇ ಜಾಸ್ತಿ" ಅನ್ನುತ್ತದೆ.

ಡಿಇಡಿ, ಬಿಇಡಿ ಓದಿದವರಿಗೆ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಗೆ ಕೂತವರಿಗೆ ಇದು ಒಂದು ಸಾಲಿನ ನೋಟ್ಸ್: ಪಿಯಾಜೆ, ಪೂರ್ವ ಕಾರ್ಯಾಚರಣೆಯ ಹಂತ, 2ರಿಂದ 7 ವರ್ಷ, ಸಂರಕ್ಷಣೆಯ ಕಲ್ಪನೆ ಇರುವುದಿಲ್ಲ. ಪಿಯಾಜೆ ಈ ಪ್ರಯೋಗ ರೂಪಿಸಿದ ಮನೋವಿಜ್ಞಾನಿ. ಸಂರಕ್ಷಣೆ ಎಂದರೆ ಆಕಾರ ಬದಲಾದರೂ ಪ್ರಮಾಣ ಅಷ್ಟೇ ಇರುತ್ತದೆ ಎಂಬ ಅರಿವು. ಪರೀಕ್ಷೆಗೆ ಆ ಸಾಲು ಸಾಕು. ತರಗತಿಗೆ ಸಾಲದು. ಏಕೆಂದರೆ ಅದೇ ಮಗು, ಅದೇ ದಿನ, ಅದೇ ನೀರಿಗೆ ಬೇರೆ ಉತ್ತರ ಕೊಡುತ್ತದೆ, ಕೇಳುವ ರೀತಿ ಬದಲಾದರೆ. ಈ ಐವತ್ತು ವರ್ಷಗಳ ಚರ್ಚೆಯ ಬಹುಪಾಲು ನಿಂತಿರುವುದು ಆ ಸಂಗತಿಯ ಮೇಲೆ. ನೋಟ್ಸ್‌ನಲ್ಲಿ ಬಿಟ್ಟುಹೋಗುವುದೂ ಅದೇ.

ಮೊದಲು ಪ್ರಯೋಗವನ್ನು ಸರಿಯಾಗಿ ಮಾಡುವುದು ಹೇಗೆಂದು ನೋಡೋಣ. ಎರಡು ಸಮ ಲೋಟಗಳಿಗೂ ಸುಮಾರು 150 ಮಿಲಿ ನೀರು ಹಾಕಿ. ನೀರಿಗೆ ಸ್ವಲ್ಪ ಬಣ್ಣದ ಶರಬತ್ತು ಬೆರೆಸಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಕಂಠಮಟ್ಟ ತುಂಬಬೇಡಿ. ಸುರಿಯುವಾಗ ನಾಲ್ಕು ಹನಿ ಚೆಲ್ಲಿದರೂ ಮಗು "ಕಮ್ಮಿ ಆಯ್ತು" ಅನ್ನುತ್ತದೆ, ಅದು ಸರಿಯಾದ ಉತ್ತರವೇ. ನಂತರ "ನಿನ್ನ ಲೋಟದಲ್ಲೂ ನನ್ನ ಲೋಟದಲ್ಲೂ ಕುಡಿಯೋಕೆ ಒಂದೇ ಅಷ್ಟು ಇದೆಯಾ?" ಎಂದು ಕೇಳಿ. ಇಲ್ಲ ಅಂದರೆ ಚಮಚ ಕೊಟ್ಟು, ಮಗುವೇ ಹಾಕಿ ತೆಗೆದು ಸಮ ಮಾಡಲಿ. "ಈಗ ಸರಿ" ಎಂಬ ಮಾತು ಮಗುವಿನ ಬಾಯಿಂದ ಬರುವ ತನಕ ಮುಂದೆ ಹೋಗಬಾರದು. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಇದನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವೇ ಇಲ್ಲ.

ಸುರಿಯುವುದಕ್ಕೆ ಮುಂಚೆ ಒಂದು ಊಹೆ ಕೇಳಿ: "ಇದನ್ನ ಆ ಉದ್ದ ಲೋಟಕ್ಕೆ ಹಾಕಿದ್ರೆ ಎಲ್ಲೀವರೆಗೆ ಬರುತ್ತೆ?" ಬೆರಳಿಟ್ಟು ತೋರಿಸಲಿ. ಆಮೇಲೆ ಮಗುವಿನ ಕೈಯಲ್ಲೇ ಸುರಿಸಿ. ಈಗ ಮುಖ್ಯ ಪ್ರಶ್ನೆ: "ಇದರಲ್ಲಿ ಜಾಸ್ತಿ ಇದೆಯಾ, ಅದರಲ್ಲಿ ಜಾಸ್ತಿ ಇದೆಯಾ, ಇಲ್ಲಾ ಎರಡರಲ್ಲೂ ಒಂದೇ ಅಷ್ಟು ಇದೆಯಾ?" ಮೂರು ಆಯ್ಕೆಯನ್ನೂ ಹೇಳಲೇಬೇಕು. "ಯಾವುದರಲ್ಲಿ ಜಾಸ್ತಿ?" ಎಂದಷ್ಟೇ ಕೇಳಿದರೆ ಯಾವುದೋ ಒಂದರಲ್ಲಿ ಜಾಸ್ತಿ ಇರಲೇಬೇಕು ಎಂದು ಪ್ರಶ್ನೆಯೇ ಹೇಳಿಕೊಟ್ಟಂತಾಗುತ್ತದೆ. "ಯಾವುದು ದೊಡ್ಡದು?" ಅಂತೂ ಬೇಡವೇ ಬೇಡ. ಮಗು ಲೋಟದ ಬಗ್ಗೆ ಉತ್ತರ ಕೊಡುತ್ತದೆ, ನೀವು ಅದನ್ನು ನೀರಿನ ಬಗ್ಗೆ ಎಂದು ಬರೆದುಕೊಳ್ಳುತ್ತೀರಿ.

ಉತ್ತರ ಬಂದಮೇಲೆ "ಹೇಗೆ ಗೊತ್ತಾಯ್ತು?" ಎಂದು ಕೇಳಿ. ಕೊನೆಗೆ ಎದುರು ಮಾತು: ಮಗು "ಒಂದೇ ಅಷ್ಟು" ಅಂದಿದ್ದರೆ "ಇನ್ನೊಬ್ಬ ಹುಡುಗ ಉದ್ದದ್ದರಲ್ಲೇ ಜಾಸ್ತಿ ಅಂದ, ಅವನು ಹೇಳಿದ್ದು ಸರೀನಾ?" ಎಂದೂ, "ಜಾಸ್ತಿ" ಅಂದಿದ್ದರೆ ಅದರ ಉಲ್ಟಾ ಕೂಡ ಕೇಳಿ. ಕಲಿತು ಒಪ್ಪಿಸಿದ ಉತ್ತರ ಇಲ್ಲಿ ಅಲ್ಲಾಡುತ್ತದೆ, ತಾನೇ ಯೋಚಿಸಿದ್ದು ನಿಲ್ಲುತ್ತದೆ. ಪಿಯಾಜೆ ವೈದ್ಯರು ರೋಗಿಯನ್ನು ವಿಚಾರಿಸುವ ಕ್ರಮವನ್ನೇ ಮಕ್ಕಳ ಜೊತೆಗಿನ ಮಾತುಕತೆಗೆ ತಂದದ್ದು ಇದಕ್ಕಾಗಿ.

ಗಟ್ಟಿಯಾಗಿ "ಒಂದೇ ಅಷ್ಟು" ಅನ್ನುವ ಮಕ್ಕಳು ಕೊಡುವ ಕಾರಣಗಳು ಹೆಚ್ಚಾಗಿ ಮೂರೇ ಬಗೆ. "ಅದೇ ನೀರಲ್ವಾ, ಬೇರೆ ಹಾಕಿಲ್ಲ, ತೆಗೆದೂ ಇಲ್ಲ." "ವಾಪಸ್ ಸುರಿದ್ರೆ ಮೊದಲಿನ ಹಾಗೇ ಆಗುತ್ತೆ." "ಇದು ಎತ್ತರ ಇದೆ, ಆದ್ರೆ ಸಣ್ಣ ಇದೆ." ಎರಡನೆಯದನ್ನು ಹುಷಾರಾಗಿ ಕೇಳಿಸಿಕೊಳ್ಳಿ. ವಾಪಸ್ ಸುರಿದರೆ ಮೊದಲಿನ ಮಟ್ಟಕ್ಕೇ ಬರುತ್ತದೆಂದು ಸರಿಯಾಗಿ ಹೇಳಿ, ಅದೇ ಉಸಿರಿನಲ್ಲಿ "ಆದ್ರೆ ಈಗ ಇದರಲ್ಲಿ ಜಾಸ್ತಿ ಇದೆ" ಅನ್ನುವ ಮಕ್ಕಳೂ ಇದ್ದಾರೆ. ನೀರು ಹಿಂದಿರುಗುತ್ತದೆಂದು ಗೊತ್ತಿರುವುದು ಒಂದು. ಹಿಂದಿರುಗುವುದರಿಂದಲೇ ಅದು ಈಗಲೂ ಅಷ್ಟೇ ಇರಬೇಕು ಎಂದು ಮನಸ್ಸಿನಲ್ಲೇ ಕೂಡಿಸುವುದು ಇನ್ನೊಂದು. ಪಿಯಾಜೆ 'ಕಾರ್ಯಾಚರಣೆ' ಎಂದದ್ದು ಆ ಎರಡನೆಯದನ್ನು. ನೋಟ್ಸ್‌ನ 'ಪೂರ್ವ ಕಾರ್ಯಾಚರಣೆ' ಎಂಬ ಪದಕ್ಕೆ ಜೀವ ಬರುವುದು ಈ ವ್ಯತ್ಯಾಸ ತಿಳಿದಾಗ.

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 1896ರಲ್ಲಿ ಹುಟ್ಟಿದ ಜೀನ್ ಪಿಯಾಜೆ ಮೊದಲು ಓದಿದ್ದು ಜೀವವಿಜ್ಞಾನ, ಬರೆದದ್ದು ಬಸವನಹುಳುಗಳ ಜಾತಿಯ ಮೃದ್ವಂಗಿಗಳ ಬಗ್ಗೆ. ಪ್ಯಾರಿಸ್ಸಿನಲ್ಲಿ ಮಕ್ಕಳಿಗೆ ತರ್ಕದ ಪ್ರಶ್ನೆಗಳನ್ನು ಕೊಟ್ಟು ಅಂಕ ಹಾಕುವ ಕೆಲಸಕ್ಕೆ ನಿಂತಾಗ, ಸರಿ ಉತ್ತರಗಳ ಲೆಕ್ಕಕ್ಕಿಂತ ತಪ್ಪು ಉತ್ತರಗಳೇ ಅವರನ್ನು ಹಿಡಿದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಹಾಗಾದರೆ ಆ ತಪ್ಪಿನ ಹಿಂದೆ ಒಂದು ನಿಯಮ ಇರಬೇಕಲ್ಲ?

ನೀರಿನ ವಿಷಯದಲ್ಲಿ ಆ ನಿಯಮ "ಮಟ್ಟ ಏರಿದರೆ ಜಾಸ್ತಿ". ಇದು ದಡ್ಡತನದ ನಿಯಮವಲ್ಲ. ದಿನಾ ಒಂದೇ ಲೋಟಕ್ಕೆ ಹಾಲು ಹಾಕುವುದನ್ನು ನೋಡುವ ಮಗುವಿಗೆ ಅದು ಪ್ರತಿ ಸಲವೂ ಸರಿಹೋಗಿರುತ್ತದೆ. ಹೊಸ ಲೋಟವನ್ನೂ ಹಳೆಯ ನಿಯಮಕ್ಕೇ ಸೇರಿಸಿಕೊಳ್ಳುವುದನ್ನು ಪುಸ್ತಕಗಳು ಸ್ವಾಂಗೀಕರಣ ಅನ್ನುತ್ತವೆ. ನಿಯಮವೇ ಸಾಲದೆಂದು ಅರಿವಾಗಿ ಅಗಲವನ್ನೂ ಲೆಕ್ಕಕ್ಕೆ ತಂದುಕೊಂಡರೆ ಅದು ಹೊಂದಾಣಿಕೆ. ಈ ಎರಡು ಪದಗಳಿಗೆ ನಾಯಿ, ಬೆಕ್ಕು, ಹಸುವಿನ ಉದಾಹರಣೆ ಕೊಡುವ ಬದಲು ಎರಡು ಲೋಟ ತಂದು ತೋರಿಸಿದರೆ ತರಗತಿಯಲ್ಲಿ ಬೇಗ ಅರ್ಥವಾಗುತ್ತದೆ.

ಇನ್ನು ಪಿಯಾಜೆಯ ಕ್ರಮದಲ್ಲೇ ಇದ್ದ ತೊಂದರೆಗಳು. ಒಂದೇ ಪ್ರಶ್ನೆಯನ್ನು ಸುರಿಯುವ ಮೊದಲೊಮ್ಮೆ, ಸುರಿದ ಮೇಲೊಮ್ಮೆ ಕೇಳುತ್ತೇವೆ. ದೊಡ್ಡವರು ಅದೇ ಪ್ರಶ್ನೆ ಮತ್ತೆ ಕೇಳಿದರೆ ಮಗುವಿನ ಪಾಲಿಗೆ ಅದರ ಅರ್ಥ "ಮೊದಲು ಹೇಳಿದ್ದು ತಪ್ಪು, ಬದಲಾಯಿಸು". ನಮ್ಮ ಶಾಲೆಗಳಲ್ಲಿ ಮೇಷ್ಟ್ರು "ಏನಂದೆ?" ಎಂದು ಎರಡನೇ ಸಲ ಕೇಳಿದರೆ ಆಗುವುದೂ ಅದೇ. 1974ರಲ್ಲಿ ಸೂಸನ್ ರೋಸ್ ಮತ್ತು ಮರಿಯನ್ ಬ್ಲಾಂಕ್ ಮೊದಲಿನ ಪ್ರಶ್ನೆಯನ್ನೇ ಬಿಟ್ಟು, ಬದಲಾಯಿಸಿದ ಮೇಲೆ ಒಂದೇ ಸಲ ಕೇಳಿ ನೋಡಿದರು. ಆರು ವರ್ಷದ ಮಕ್ಕಳ ತಪ್ಪು ಕಡಿಮೆಯಾಯಿತು. ಅದೇ ವರ್ಷ ಜೇಮ್ಸ್ ಮೆಕ್‌ಗಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ನಾಲ್ಕರಿಂದ ಆರು ವರ್ಷದ 80 ಮಕ್ಕಳ ಮುಂದೆ ಎರಡು ಸಾಲು ಬಿಲ್ಲೆ ಜೋಡಿಸಿದರು. ಒಂದು ಸಲ ಪ್ರಯೋಗ ಮಾಡುವವರೇ ಒಂದು ಸಾಲನ್ನು ಬದಲಾಯಿಸಿದರು. ಇನ್ನೊಂದು ಸಲ ಪೆಟ್ಟಿಗೆಯಿಂದ ಹೊರಬಂದ ತುಂಟ ಕರಡಿ ಗೊಂಬೆ ಸಾಲನ್ನು ಕೆಡಿಸಿತು. ದೊಡ್ಡವರು ಬದಲಾಯಿಸಿದಾಗ "ಅಷ್ಟೇ ಇದೆ" ಅಂದದ್ದು ಸುಮಾರು ಶೇ. 16. ಕರಡಿ ಕೆಡಿಸಿದಾಗ ಶೇ. 60ಕ್ಕೂ ಹೆಚ್ಚು. ಬಿಲ್ಲೆಗಳು ಅವೇ, ಮಕ್ಕಳೂ ಅವರೇ. ದೊಡ್ಡವರು ಬೇಕೆಂದೇ ಏನನ್ನೋ ಬದಲಾಯಿಸಿ ಪ್ರಶ್ನೆ ಕೇಳಿದರೆ, ಆ ಬದಲಾವಣೆಯ ಬಗ್ಗೆಯೇ ಕೇಳುತ್ತಿದ್ದಾರೆ ಎಂದು ಮಗು ಅಂದುಕೊಳ್ಳುವುದು ಸಹಜ.

ಮಗುವಿನ ಕೈಯಲ್ಲೇ ಸುರಿಸಿ ಎಂದದ್ದಕ್ಕೂ ಕಾರಣವಿದೆ. 1960ರ ದಶಕದಲ್ಲಿ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಸೆನೆಗಲ್‌ನ ವೊಲೊಫ್ ಮಕ್ಕಳಲ್ಲಿ ಇದೇ ಪ್ರಯೋಗ ಮಾಡಿದಾಗ, ಶಾಲೆಗೆ ಹೋಗದ ಕೆಲವು ಮಕ್ಕಳು "ನೀವು ಸುರಿದಿರಲ್ಲ, ಅದಕ್ಕೇ ಜಾಸ್ತಿ ಆಯ್ತು" ಎಂಬರ್ಥದ ಉತ್ತರ ಕೊಟ್ಟರು. ಸುರಿಯುವವರಿಗೆ ಏನೋ ಶಕ್ತಿ ಇದೆ ಎಂಬ ಭಾವನೆ. ಮಕ್ಕಳೇ ಸುರಿದಾಗ ಸರಿ ಉತ್ತರಗಳು ಗಣನೀಯವಾಗಿ ಏರಿದವು. ಮೆಕ್ಸಿಕೋದಲ್ಲಿ ಕುಂಬಾರರ ಮಕ್ಕಳು ಜೇಡಿಮಣ್ಣಿನ ಉಂಡೆಯ ಪ್ರಶ್ನೆಯಲ್ಲಿ ಉಳಿದ ಮಕ್ಕಳಿಗಿಂತ ಮುಂದಿದ್ದರೆಂದು 1969ರ ಇನ್ನೊಂದು ಅಧ್ಯಯನ ತೋರಿಸಿತು. ದಿನಾ ಕೈಯಾಡಿಸುವ ವಸ್ತುವಿನ ವಿಷಯದಲ್ಲಿ ತಿಳಿವು ಬೇಗ ಬಲಿಯುತ್ತದೆ.

ನಮ್ಮ ಅಡುಗೆಮನೆಯಲ್ಲೇ ಸಾಧ್ಯವಿರುವ ಇನ್ನೊಂದು ಪರೀಕ್ಷೆಯಿದೆ. ಗಾಜಿನ ಉದ್ದ ಲೋಟದ ಬದಲು ಸ್ಟೀಲಿನ ಉದ್ದ ಲೋಟಕ್ಕೆ ಸುರಿಸಿ, ಒಳಗಿನ ಮಟ್ಟ ಕಾಣದ ಹಾಗೆ ಮಗುವನ್ನು ಕೂರಿಸಿ, ಆಗ ಕೇಳಿ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರ ಬಳಗದ ಫ್ರಾನ್ಸ್ವಾಸ್ ಫ್ರಾಂಕ್ ಲೋಟಗಳಿಗೆ ಮರೆ ಕಟ್ಟಿ ಮಾಡಿದ್ದು ಇದನ್ನೇ. ಮಟ್ಟ ಕಣ್ಣಿಗೆ ಬೀಳದಿದ್ದಾಗ ನಾಲ್ಕೈದು ವರ್ಷದವರಲ್ಲೂ ಎಷ್ಟೋ ಮಂದಿ "ಅದೇ ನೀರು, ಅಷ್ಟೇ ಇದೆ" ಅಂದರು. ಮರೆ ತೆಗೆದ ಕೂಡಲೇ ನಾಲ್ಕು ವರ್ಷದವರು ಹಳೆಯ ಉತ್ತರಕ್ಕೆ ಮರಳಿದರು. ಐದರವರಲ್ಲಿ ಹೆಚ್ಚಿನವರು ಮಾತಿಗೆ ಅಂಟಿಕೊಂಡರು. ನಾಲ್ಕರ ಮಗುವಿಗೆ ತಿಳಿವು ಇಲ್ಲವೆಂದಲ್ಲ, ಕಣ್ಣು ಅದನ್ನು ಸೋಲಿಸುತ್ತದೆ.

ಬಾಯಿಯ ಜೊತೆಗೆ ಕೈಯನ್ನೂ ನೋಡಿ. ಕಾರಣ ಹೇಳುವಾಗ ಮಗು ಬಾಯಲ್ಲಿ "ಇದು ಉದ್ದ ಇದೆ" ಅನ್ನುತ್ತಾ, ಅಂಗೈಯನ್ನು ಕಪ್ಪಿನಂತೆ ಬಾಗಿಸಿ ಲೋಟದ ಅಗಲವನ್ನು ತೋರಿಸುತ್ತಿರಬಹುದು. ಬಾಯಲ್ಲಿ ಎತ್ತರ, ಕೈಯಲ್ಲಿ ಅಗಲ. 1986ರಲ್ಲಿ ಬ್ರೆಕಿನ್ರಿಜ್ ಚರ್ಚ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ಐದರಿಂದ ಎಂಟು ವರ್ಷದ ಮಕ್ಕಳಲ್ಲಿ ಇದನ್ನು ಗುರುತಿಸಿದರು. ಕೈ ಮತ್ತು ಬಾಯಿ ಬೇರೆ ಬೇರೆ ಹೇಳುತ್ತಿದ್ದ ಮಕ್ಕಳೇ ಪಾಠದಿಂದ ಹೆಚ್ಚು ಲಾಭ ಪಡೆದರು. ಕೈ, ಬಾಯಿ ಎರಡರಲ್ಲೂ ಎತ್ತರವನ್ನೇ ಹೇಳುವವಳಿಗೂ, ಕೈಯಲ್ಲಿ ಅಗಲ ತೋರಿಸುವವಳಿಗೂ ಉತ್ತರ ಪತ್ರಿಕೆಯಲ್ಲಿ ಸೊನ್ನೆಯೇ. ಆದರೆ ಎರಡನೆಯವಳು ಹೊಸ್ತಿಲ ಮೇಲೆ ನಿಂತಿದ್ದಾಳೆ. ಶಿಕ್ಷಕರಿಗೆ ಇದಕ್ಕಿಂತ ಉಪಯೋಗದ ಸುಳಿವು ಈ ಇಡೀ ಪ್ರಯೋಗದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂರಕ್ಷಣೆ ಎಲ್ಲ ವಸ್ತುಗಳಿಗೂ ಒಂದೇ ದಿನ ಬರುವುದಿಲ್ಲ. ಏಳು ಹುಣಸೆಬೀಜಗಳ ಎರಡು ಸಾಲು ಎದುರುಬದುರು ಇಟ್ಟು ಒಂದನ್ನು ಹಿಗ್ಗಿಸಿದರೆ ಬೀಜಗಳ ಸಂಖ್ಯೆ ಅಷ್ಟೇ ಎಂಬುದು ಸಾಮಾನ್ಯವಾಗಿ ಮೊದಲು ಹೊಳೆಯುತ್ತದೆ. ಚಪಾತಿ ಹಿಟ್ಟಿನ ಉಂಡೆಯನ್ನು ಹೊಸೆದು ಉದ್ದ ಮಾಡಿದರೂ ಹಿಟ್ಟು ಅಷ್ಟೇ ಎಂಬುದು ಏಳೆಂಟಕ್ಕೆ. ತೂಕವೂ ಅಷ್ಟೇ ಎಂಬುದು ಒಂಬತ್ತರ ಸುಮಾರಿಗೆ. ನೀರಲ್ಲಿ ಮುಳುಗಿಸಿದರೆ ಅಷ್ಟೇ ಜಾಗ ಹಿಡಿಯುತ್ತದೆಂಬುದು ಇನ್ನೂ ತಡವಾಗಿ, ಹನ್ನೊಂದು ಹನ್ನೆರಡಕ್ಕೆ. ಪಿಯಾಜೆಯ ಹಂತ ಒಂದು ಮೆಟ್ಟಿಲಿನಂತೆ ಇದ್ದಿದ್ದರೆ ಎಲ್ಲವೂ ಒಟ್ಟಿಗೆ ಬರಬೇಕಿತ್ತು. ವಯಸ್ಸಿನ ಪಟ್ಟಿಯನ್ನು ಹೆಚ್ಚು ನಂಬಬೇಡಿ ಎನ್ನುವುದಕ್ಕೆ ಪಿಯಾಜೆಯ ಅಂಕಿಗಳೇ ಸಾಕ್ಷಿ.

ಕೇಳುವ ಮಾತು ಇನ್ನೂ ಸೂಕ್ಷ್ಮವಾಗುವುದು ಇನ್ನೊಂದು ಪ್ರಯೋಗದಲ್ಲಿ: ಬೇರೆಯವರ ಮನಸ್ಸಿನಲ್ಲಿ ತಪ್ಪು ತಿಳಿವಳಿಕೆ ಇರಬಹುದೆಂದು ಮಗುವಿಗೆ ಯಾವಾಗ ಅರ್ಥವಾಗುತ್ತದೆ? ವಿಮ್ಮರ್ ಮತ್ತು ಪರ್ನರ್ 1983ರಲ್ಲಿ ಇದನ್ನು ರೂಪಿಸಿದರು. 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ ಮತ್ತು ಫ್ರಿತ್ ಬಳಸಿದ ಎರಡು ಗೊಂಬೆಗಳ ರೂಪ ಎಲ್ಲೆಡೆ ಹರಡಿತು. ಪುಟ್ಟಿ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತಾಳೆ. ಗುಂಡ ಅದನ್ನು ತೆಗೆದು ಡಬ್ಬಿಗೆ ಹಾಕುತ್ತಾನೆ. ಪುಟ್ಟಿ ವಾಪಸ್ ಬರುತ್ತಾಳೆ. ಈಗ ಏನು ಕೇಳುತ್ತೀರಿ?

"ಪುಟ್ಟಿ ಗೋಲಿ ಎಲ್ಲಿ ಹುಡುಕಬೇಕು?" ಎಂದರೆ ಕೆಟ್ಟಿತು. ಗೋಲಿ ಸಿಗಬೇಕಾದರೆ ಡಬ್ಬಿಯಲ್ಲೇ ಹುಡುಕಬೇಕು, ಮಗು ಹೇಳುವುದು ಸರಿ. "ಎಲ್ಲಿ ಸಿಗುತ್ತೆ?" ಎಂಬುದೂ ಹಾಗೇ. "ಪುಟ್ಟಿ ಏನಂತ ತಿಳ್ಕೊಂಡಿದಾಳೆ?" ಎಂಬುದರಲ್ಲಿ ಇನ್ನೊಂದು ತೊಡಕು: ಕನ್ನಡದಲ್ಲಿ ತಿಳಿದುಕೊಳ್ಳುವುದೆಂದರೆ ನಿಜವನ್ನು ಅರಿಯುವುದೂ ಹೌದು, ತಪ್ಪಾಗಿ ಭಾವಿಸುವುದೂ ಹೌದು. "ಅಂದ್ಕೊಂಡಿದಾಳೆ" ಹೆಚ್ಚು ಸ್ಪಷ್ಟ. ಎಲ್ಲಕ್ಕಿಂತ ಸಲೀಸು "ಪುಟ್ಟಿ ಬಂದು ಮೊದಲು ಎಲ್ಲಿ ಹುಡುಕ್ತಾಳೆ?" ಸೀಗಲ್ ಮತ್ತು ಬೀಟಿ 1991ರಲ್ಲಿ ಈ 'ಮೊದಲು' ಒಂದನ್ನು ಸೇರಿಸಿದಾಗ ಮೂರು ವರ್ಷದವರ ಉತ್ತರವೂ ಸುಧಾರಿಸಿತು. ಜೊತೆಗೆ "ಈಗ ಗೋಲಿ ನಿಜವಾಗ್ಲೂ ಎಲ್ಲಿದೆ?", "ಮೊದಲು ಪುಟ್ಟಿ ಎಲ್ಲಿಟ್ಟಿದ್ಲು?" ಎಂದೂ ಕೇಳಬೇಕು. ಇವೆರಡರಲ್ಲಿ ತಪ್ಪಿದರೆ ಮಗು ಕಥೆಯನ್ನೇ ಹಿಡಿದಿಲ್ಲ. ಮುಖ್ಯ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಎರಡೇ ಜಾಗ ಇರುವುದರಿಂದ ಸುಮ್ಮನೆ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ. ಎರಡನೇ ಸಲ ಮಾಡುವಾಗ ಗುಂಡ ಗೋಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳಲಿ, ಮೂರನೇ ಜಾಗ ಸಿಕ್ಕಿತು.

ಬಹುತೇಕ ಮಕ್ಕಳು ನಾಲ್ಕು ದಾಟುವ ಹೊತ್ತಿಗೆ "ಬುಟ್ಟಿ" ಅನ್ನುತ್ತಾರೆ. 1985ರ ಅಧ್ಯಯನದಲ್ಲಿ ಆಟಿಸಂ ಇದ್ದ 20 ಮಕ್ಕಳಲ್ಲಿ ನಾಲ್ವರು ಮಾತ್ರ ಹಾಗಂದರು. ಇದನ್ನು ಓದಿ ಮನೆಯಲ್ಲೇ ಆಟಿಸಂ ಪತ್ತೆಗೆ ಇಳಿಯಬೇಡಿ. ಆ ನಾಲ್ವರು ಸರಿಯಾಗಿ ಹೇಳಿದ್ದೂ ಅಷ್ಟೇ ನಿಜ. ಅಲ್ಲದೆ, ಕಿವಿ ಕೇಳಿಸುವ ತಂದೆತಾಯಿಗೆ ಹುಟ್ಟಿದ ಕಿವುಡು ಮಕ್ಕಳು ಈ ಪ್ರಶ್ನೆಯಲ್ಲಿ ಹಿಂದುಳಿಯುತ್ತಾರೆ. ಸನ್ನೆಭಾಷೆಯಲ್ಲೇ ಮಾತಾಡುವ ಮನೆಯಲ್ಲಿ ಹುಟ್ಟಿದವರು ಹಾಗೆ ಹಿಂದುಳಿಯುವುದಿಲ್ಲ. ಮನೆಯಲ್ಲಿ ಮನಸ್ಸಿನ ಬಗ್ಗೆ, ಯಾರು ಏನಂದುಕೊಂಡರು ಎಂಬುದರ ಬಗ್ಗೆ ಮಾತುಕತೆ ಎಷ್ಟು ನಡೆಯುತ್ತದೆ ಎಂಬುದು ಅಷ್ಟು ಮುಖ್ಯ.

ಹಾಲುಗಲ್ಲದ ಕೂಸಿಗೆ ಪ್ರಶ್ನೆ ಕೇಳಲಾಗದು. ಅಲ್ಲಿ ಕೈಯೇ ಉತ್ತರ. ಒಂಬತ್ತು ತಿಂಗಳ ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಒಂದೇ ಥರದ ಎರಡು ಬಟ್ಟೆಗಳನ್ನು ಒಂದು ಗೇಣು ದೂರದಲ್ಲಿ ಹಾಸಿ, ಬಾಯಲ್ಲಿ ಹಿಡಿಸದಷ್ಟು ದೊಡ್ಡ ಗಿಲಕಿಯನ್ನು ಎಡಗಡೆಯ ಬಟ್ಟೆಯಡಿ ಮೂರು ಸಲ ಬಚ್ಚಿಡಿ. ಮಗು ಪ್ರತಿ ಸಲ ತೆಗೆಯುತ್ತದೆ. ನಾಲ್ಕನೇ ಸಲ, ಮಗು ನೋಡುತ್ತಿರುವಂತೆಯೇ, ಬಲಗಡೆ ಇಟ್ಟು ಮೂರು ಸೆಕೆಂಡು ತಡೆದು ಬಿಡಿ. ಎಷ್ಟೋ ಸಲ ಕೈ ಎಡಕ್ಕೇ ಹೋಗುತ್ತದೆ. ಕಣ್ಮರೆಯಾದ ವಸ್ತು ತಾನು ಹಿಂದೆ ಹುಡುಕಿದ ಜಾಗದಲ್ಲೇ ಇರುತ್ತದೆಂದು ಮಗು ಭಾವಿಸುತ್ತದೆ ಎಂದರು ಪಿಯಾಜೆ. ಅಡೆಲ್ ಡೈಮಂಡ್ ತಡೆಯುವ ಹೊತ್ತನ್ನೇ ಅಳೆದರು: ಏಳೂವರೆ ತಿಂಗಳಲ್ಲಿ ಎರಡು ಸೆಕೆಂಡಿನೊಳಗೇ ತಪ್ಪುವ ಮಗು ವರ್ಷ ತುಂಬುವಾಗ ಹತ್ತು ಸೆಕೆಂಡು ತಡೆದರೂ ತಪ್ಪುವುದಿಲ್ಲ, ತಿಂಗಳಿಗೆ ಸುಮಾರು ಎರಡು ಸೆಕೆಂಡಿನ ಲೆಕ್ಕ. ನೆನಪಿಟ್ಟುಕೊಳ್ಳುವುದು ಮತ್ತು ರೂಢಿಯಾದ ಕೈಚಲನೆಯನ್ನು ತಡೆಯುವುದು, ಎರಡೂ ಮಿದುಳಿನ ಮುಂಭಾಗ ಬಲಿತಂತೆ ಬರುತ್ತವೆ. ಲಿಂಡಾ ಸ್ಮಿತ್ ಮತ್ತು ಎಸ್ತರ್ ಥೆಲೆನ್ ಇನ್ನೂ ಸರಳವಾದದ್ದನ್ನು ಮಾಡಿದರು. ಕೂತಿದ್ದ ಮಗುವನ್ನು ಕೊನೆಯ ಸಲಕ್ಕೆ ಎತ್ತಿ ನಿಲ್ಲಿಸಿದರು. ಮೈಯ ಭಂಗಿ ಬದಲಾದದ್ದೇ, ಹಳೆಯ ಜಾಗಕ್ಕೇ ಕೈ ಚಾಚುವ ರೂಢಿ ಬಿಟ್ಟುಹೋಯಿತು.

ಇಂಥ ತಪ್ಪುಗಳಿಂದ ಗಾಬರಿಯಾಗುವ ತಂದೆತಾಯಂದಿರು ನಿಜವಾಗಿ ಗಮನಿಸಬೇಕಾದವು ಬೇರೆ. ವರ್ಷ ತುಂಬಿದರೂ ತೊದಲು ಸದ್ದಿಲ್ಲ, ಬೆರಳು ತೋರಿಸುವುದಾಗಲಿ ಟಾಟಾ ಮಾಡುವುದಾಗಲಿ ಇಲ್ಲ. 16 ತಿಂಗಳಿಗೆ ಒಂದು ಪದವಿಲ್ಲ. ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂಥ ಎರಡು ಪದದ ಸ್ವಂತ ಮಾತಿಲ್ಲ. ಯಾವ ವಯಸ್ಸಿನಲ್ಲೇ ಆಗಲಿ ಬಂದಿದ್ದ ಮಾತು, ಬೆರೆಯುವ ಗುಣ ಕಳೆದುಹೋಗಿದೆ. ಇವುಗಳಲ್ಲಿ ಒಂದಿದ್ದರೂ "ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ" ಎಂದು ಕಾಯದೆ ಮಕ್ಕಳ ವೈದ್ಯರನ್ನು ಕಾಣಿ. ಮಾತು, ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಳವಣಿಗೆ ಮತ್ತು ನಡವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ಕೊನೆಯದಾಗಿ ಕಲಿಸುವ ಮಾತು. ಸೋವಿಯತ್ ಮನೋವಿಜ್ಞಾನಿ ವೈಗೊಟ್‌ಸ್ಕಿ ಕೊಟ್ಟ ಲೆಕ್ಕ ಹೀಗಿದೆ: ಒಬ್ಬರೇ ಕೂತು ಮಾಡಿದರೆ ಇಬ್ಬರು ಮಕ್ಕಳೂ ಎಂಟು ವರ್ಷದ ಮಟ್ಟದವರೇ. ಸ್ವಲ್ಪ ನೆರವು ಸಿಕ್ಕರೆ ಒಬ್ಬ ಒಂಬತ್ತರ ಮಟ್ಟದ್ದನ್ನು ಬಿಡಿಸುತ್ತಾನೆ, ಇನ್ನೊಬ್ಬ ಹನ್ನೆರಡರದ್ದನ್ನು. ಆ ನಡುವಿನ ಅಂತರವೇ ಅವರು ಹೇಳಿದ ಸಮೀಪ ವಿಕಾಸದ ವಲಯ. ನೆರವು ಎಷ್ಟು, ಯಾವಾಗ ಎಂಬುದನ್ನು ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಮೂರರಿಂದ ಐದು ವರ್ಷದ 30 ಮಕ್ಕಳಿಗೆ 21 ಮರದ ತುಂಡುಗಳ ಗೋಪುರ ಕಟ್ಟಿಸುತ್ತಾ ನೋಡಿದರು. ಡೇವಿಡ್ ವುಡ್ ಮುಂದೆ ಅದನ್ನು ಐದು ಮೆಟ್ಟಿಲಾಗಿ ಬಿಡಿಸಿದರು: "ಮುಂದೆ ಏನು ಮಾಡ್ಬಹುದು?", "ದೊಡ್ಡ ತುಂಡು ಹುಡುಕು", ಬೆರಳಿಟ್ಟು ತೋರಿಸುವುದು, ಜೋಡಿಸಲು ತಯಾರಾಗಿ ಮುಂದಿಡುವುದು, ಮಾಡಿಯೇ ತೋರಿಸುವುದು. ಮಗು ತಪ್ಪಿದರೆ ಮುಂದಿನ ಸಲ ಒಂದು ಮೆಟ್ಟಿಲು ಹೆಚ್ಚು ನೆರವು, ಸರಿಮಾಡಿದರೆ ಒಂದು ಮೆಟ್ಟಿಲು ಕಡಿಮೆ. ನಾವು ಸಾಮಾನ್ಯವಾಗಿ ಎಡವುವುದು ಎರಡನೆಯದರಲ್ಲಿ. ಮಗು ಸರಿಮಾಡಿದ ಮೇಲೂ ಕೈ ಹಿಂದೆ ತೆಗೆಯುವುದಿಲ್ಲ.

ನೀರಿನ ಪ್ರಯೋಗಕ್ಕೇ ಇದನ್ನು ಹಚ್ಚಿ. ಬಾಯಲ್ಲಿ ಎತ್ತರ, ಕೈಯಲ್ಲಿ ಅಗಲ ತೋರಿಸಿದ ಮಗುವಿಗೆ "ನಿನ್ನ ಕೈ ಏನೋ ತೋರಿಸ್ತಿದೆಯಲ್ಲ, ಅದೇನು?" ಎಂದಷ್ಟೇ ಕೇಳಿ. ಸಾಲದಿದ್ದರೆ ಎರಡು ಲೋಟದ ಬಾಯಿಗೂ ಬೆರಳು ಸುತ್ತಿಸಿ ನೋಡಲು ಹೇಳಿ. ಇನ್ನೂ ಸಾಲದಿದ್ದರೆ ಒಂದು ಸಣ್ಣ ಬಟ್ಟಲಿನಲ್ಲಿ ಎರಡೂ ಲೋಟದ ನೀರನ್ನು ಅಳೆಯಲಿ. "ಒಂದೇ ಅಷ್ಟು" ಎಂಬ ಉತ್ತರವನ್ನು ಮಾತ್ರ ನೀವು ಹೇಳಿಕೊಡಬೇಡಿ. ಎರಡು ವಾರ ಬಿಟ್ಟು, ನೀರನ್ನು ಬಿಟ್ಟು ರಾಗಿ ಹಿಟ್ಟಿನ ಉಂಡೆ ಕೊಟ್ಟು ಮತ್ತೆ ಕೇಳಿ, ಕೊಟ್ಟ ಕಾರಣವನ್ನು ಮಗುವಿನ ಮಾತಿನಲ್ಲೇ, ಕೈ ಮಾಡಿದ್ದನ್ನೂ ಸೇರಿಸಿ ಬರೆದಿಡಿ.